ಜಾಲರಿಯ ಆಚೆ ಬಿಳೇಕಹಳ್ಳಿ

ಬನ್ನೇರುಘಟ್ಟ ರಸ್ತೆಯ ಆ ತುದಿಯಲ್ಲಿ ಜೈವಿಕ ಉದ್ಯಾನದ ಹಕ್ಕಿಮನೆಗಳಿವೆ. ಟಿಕೆಟ್ ಕೊಂಡು ನೋಡಬೇಕು. ಅದೇ ರಸ್ತೆಯಲ್ಲಿ ಊರಿನ ಕಡೆ ಬಂದು ಬಿಳೇಕಹಳ್ಳಿಯ ಒಳಗಲ್ಲಿಗಳಲ್ಲಿ ತಲೆಯೆತ್ತಿ ನಡೆದರೆ ಟಿಕೆಟ್ ಇಲ್ಲದವೂ ಒಂದೊಂದು ಕಣ್ಣಿಗೆ ಬೀಳುತ್ತವೆ. ತಾರಸಿಯ ಮೇಲೆ ನೀರಿನ ಟ್ಯಾಂಕು, ಸೋಲಾರ್ ಹೀಟರು, ಬಟ್ಟೆ ಒಣಹಾಕಿದ ಹಗ್ಗ. ಇವುಗಳ ಮಧ್ಯೆ ಒಂದು ಕಬ್ಬಿಣದ ಚೌಕಟ್ಟು, ಅದಕ್ಕೆ ಬಿಗಿದ ಜಾಲರಿ, ಒಳಗೆ ಹಳದಿ, ಹಸಿರು, ನೀಲಿ ಬಣ್ಣದ ಗದ್ದಲ.

ಇಂಥದ್ದನ್ನು ಸ್ವಂತ ಕೈಯಿಂದ ಕಟ್ಟಲು ಹೊರಟವರು ಮೊದಲು ಕೇಳುವುದು, ಹಕ್ಕಿ ತಪ್ಪಿಸಿಕೊಳ್ಳದಂತೆ ಎಂಥ ಜಾಲರಿ ಹಾಕಬೇಕು ಎಂದು. ಹಕ್ಕಿಯನ್ನು ಒಳಗಿಡುವುದು ಅಂಥ ದೊಡ್ಡ ಕೆಲಸವೇನಲ್ಲ. ಅಂಗಡಿಯವರು ‘ಲವ್ ಬರ್ಡ್ಸ್’ ಎಂದು ಮಾರುವ ಬಡ್ಜಿಯ ತೂಕ ಮೂವತ್ತು ನಲವತ್ತು ಗ್ರಾಂ. ಅದರ ಬಲಕ್ಕೆ ಎಂಥ ತಂತಿಯಾದರೂ ಸಾಕು. ಕಷ್ಟವೆಲ್ಲ ಇರುವುದು ಹೊರಗಿನವರನ್ನು ಹೊರಗೇ ಇಡುವುದರಲ್ಲಿ. ಬಿಳೇಕಹಳ್ಳಿಯಲ್ಲಿ ಹೊರಗಿನವರು ಕಡಿಮೆಯೇನಿಲ್ಲ. ಚರಂಡಿಯಲ್ಲಿ ಹೆಗ್ಗಣ, ಕಾಂಪೌಂಡ್ ಮೇಲೆ ಬೆಕ್ಕು, ಕರೆಂಟು ಕಂಬದ ಮೇಲೆ ಕಾಗೆ, ಮೇಲೆ ಸುತ್ತು ಹಾಕುವ ಹದ್ದು. ಒಂದು ಪಕ್ಕಕ್ಕೆ ಐಐಎಂನ ಮರಗಳು, ಇನ್ನೊಂದು ದಿಕ್ಕಿಗೆ ದೊರೆಸಾನಿಪಾಳ್ಯದ ಕಾಡು, ಸ್ವಲ್ಪ ಆಚೆ ಮಡಿವಾಳ ಕೆರೆ. ವಾಯುವಿಹಾರಿಗಳಿಗೆ ಇವು ವರವೇ. ಆದರೆ ಶಿಕ್ರಾ, ಗೂಬೆ, ಕೇರೆಹಾವುಗಳಿಗೂ ಅವೇ ಮನೆ. ಹಾಗಾಗಿ ಹಕ್ಕಿಮನೆಯ ನಕ್ಷೆ ಬರೆಯುವಾಗ ಒಳಗೆ ಕುಳಿತ ಬಡ್ಜಿಯ ಕಣ್ಣಿನಿಂದ ನೋಡುವುದಕ್ಕಿಂತ, ಹೊರಗೆ ಹಸಿದು ಕುಳಿತ ಹೆಗ್ಗಣದ ಕಣ್ಣಿನಿಂದ ನೋಡುವುದು ಮೇಲು.

ಜಾಲರಿ ಕೊಳ್ಳುವ ಮೊದಲು ಯಾವ ಹಕ್ಕಿ ಎಂಬುದು ತೀರ್ಮಾನವಾಗಬೇಕು. ಅದು ಬರೀ ಇಷ್ಟಾನಿಷ್ಟದ ಮಾತಲ್ಲ. ಅಜ್ಜಿಯ ಮನೆಯಲ್ಲಿ ಪಂಜರದೊಳಗೆ ಹಸಿಮೆಣಸಿನಕಾಯಿ ತಿನ್ನುತ್ತಿದ್ದ ಹಸಿರು ಗಿಳಿಯ ನೆನಪು ಎಷ್ಟೇ ಸವಿಯಾಗಿದ್ದರೂ, ಇವತ್ತು ಅದನ್ನು ಸಾಕುವುದು ಅಪರಾಧ. ಗಿಳಿ, ರಾಟವಾಳ, ಗೊರವಂಕ, ಪಿಕಳಾರ, ಹೀಗೆ ಈ ನೆಲದ ಕಾಡುಹಕ್ಕಿಗಳನ್ನು ಹಿಡಿಯುವುದಕ್ಕೂ ಮಾರುವುದಕ್ಕೂ ಸಾಕುವುದಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ನಿಂತಿದೆ. ವಿದೇಶಿ ಹಕ್ಕಿಗಳ ಲೆಕ್ಕ ಬೇರೆ. 2022ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳು ನಾಲ್ಕನೇ ಅನುಸೂಚಿಗೆ ಬಂದವು. ಅಂಥವನ್ನು ಸಾಕುವವರು ಪರಿವೇಷ್ ಜಾಲತಾಣದಲ್ಲಿ ನೋಂದಾಯಿಸಬೇಕೆಂಬ ನಿಯಮ 2024ರ ಫೆಬ್ರವರಿಯಲ್ಲಿ ಹೊರಬಿತ್ತು. ಗಿಳಿಗಳ ಕುಲದಲ್ಲಿ ಹೆಚ್ಚುಕಡಿಮೆ ಎಲ್ಲವೂ ಆ ಪಟ್ಟಿಯಲ್ಲಿವೆ. ಹೊರಗುಳಿದ ಬೆರಳೆಣಿಕೆಯವುಗಳಲ್ಲಿ ಬಡ್ಜಿ, ಕಾಕಟೀಲ್, ಗುಲಾಬಿ ಮುಖದ ಅಸಲಿ ಲವ್‌ಬರ್ಡ್ ಸೇರಿವೆ. ಅದೇ ಲವ್‌ಬರ್ಡ್‌ನ ಅಣ್ಣತಮ್ಮಂದಿರಾದ ಫಿಶರ್ಸ್ ಜಾತಿಯವು ಪಟ್ಟಿಯೊಳಗೆ. ಮಾರುವವನಿಗೆ ಈ ವ್ಯತ್ಯಾಸ ಗೊತ್ತಿರುತ್ತದೆ ಎಂದು ನಂಬಿ ಕೂರುವಂತಿಲ್ಲ. ಗಿಳಿಯ ಕುಲವೇ ಬೇಡವೆಂದರೆ ಜೀಬ್ರಾ ಫಿಂಚ್ ಇದೆ. ಗಾತ್ರ ಚಿಕ್ಕದು, ಕೊಕ್ಕಿನಿಂದ ಕಡಿದು ಹಾಳುಮಾಡುವ ಚಟವಿಲ್ಲ.

ಕಾಯ್ದೆಯ ಮಾತು ಬಂದಾಗ ಇನ್ನೊಂದನ್ನೂ ಹೇಳಿಬಿಡಬೇಕು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ, ಸಾಕಷ್ಟು ಓಡಾಡಲು ಆಗದಷ್ಟು ಇಕ್ಕಟ್ಟಾದ ಪಂಜರದಲ್ಲಿ ಪ್ರಾಣಿಯನ್ನಿಡುವುದೇ ಕ್ರೌರ್ಯ. ದೆಹಲಿ ಹೈಕೋರ್ಟ್ 2015ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಆಕಾಶದಲ್ಲಿ ಹಾರುವುದು ಹಕ್ಕಿಗಳ ಮೂಲಭೂತ ಹಕ್ಕು ಎಂದಿತು. ಹಾಗಾದರೆ ಸಾಕುವುದೇ ತಪ್ಪೆ? ಕಾಡಿನಿಂದ ಹಿಡಿದು ತಂದ ಹಕ್ಕಿಯ ವಿಷಯದಲ್ಲಿ ನನಗೆ ಅನುಮಾನವಿಲ್ಲ, ತಪ್ಪೇ. ಬಡ್ಜಿಯ ಕಥೆ ಅಷ್ಟು ನೇರವಲ್ಲ. ಪಕ್ಷಿತಜ್ಞ ಜಾನ್ ಗೌಲ್ಡ್ ಆಸ್ಟ್ರೇಲಿಯಾದಿಂದ ಅದನ್ನು ಇಂಗ್ಲೆಂಡಿಗೆ ಒಯ್ದದ್ದು 1840ರಲ್ಲಿ. ಅಲ್ಲಿಂದಾಚೆ ಮನುಷ್ಯರ ಮನೆಯಲ್ಲೇ ತಲೆಮಾರುಗಳು ಉರುಳಿವೆ. ನೀಲಿ, ಬಿಳಿ ಬಣ್ಣಗಳೆಲ್ಲ ಪಂಜರದಲ್ಲೇ ಬೆಳೆಸಿಕೊಂಡವು. ಇದನ್ನು ‘ಸ್ವಾತಂತ್ರ್ಯ’ ಕೊಡುತ್ತೇವೆಂದು ತಾರಸಿಯಿಂದ ಹಾರಿಬಿಟ್ಟರೆ ಸಂಜೆಯೊಳಗೆ ಕಾಗೆಗಳ ಪಾಲು. ಕೊಡಬಹುದಾದದ್ದು ಜಾಗ. ಆ ಜಾಗ ಉದ್ದಕ್ಕಿರಬೇಕು. ಅಲಂಕಾರದ ಗುಮ್ಮಟದ ಪಂಜರಗಳು ಎತ್ತರವಾಗಿರುತ್ತವೆ, ಹಕ್ಕಿಗಳೋ ಹೆಲಿಕಾಪ್ಟರಿನ ಹಾಗೆ ನೆಟ್ಟಗೆ ಮೇಲೇರುವುದಿಲ್ಲ, ಅಡ್ಡಡ್ಡ ಹಾರುತ್ತವೆ.

ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಶುಕವನ 468 ಪ್ರಭೇದಗಳ ಹಕ್ಕಿಗಳನ್ನಿಟ್ಟು 2017ರಲ್ಲಿ ಗಿನ್ನೆಸ್ ದಾಖಲೆ ಬರೆಯಿತು. ನಾವು ಮಾತಾಡುತ್ತಿರುವುದು ಆರು ಬಡ್ಜಿಗಳ ಮನೆ: ಆರಡಿ ಉದ್ದ, ಮೂರಡಿ ಅಗಲ, ಆರಡಿ ಎತ್ತರ. ಈ ಅಳತೆ ಹಾರಾಟಕ್ಕೂ ಅಂಗಡಿಗೂ ಹೊಂದುತ್ತದೆ. ಜಾಲರಿ ಸಾಮಾನ್ಯವಾಗಿ ಮೂರಡಿ, ನಾಲ್ಕಡಿ ಅಗಲದ ಸುರುಳಿಯಲ್ಲಿ ಬರುತ್ತದೆ. ಮೂರಡಿ ಅಗಲದ ಸುರುಳಿಯಿಂದ ಆರಡಿ ಉದ್ದದ ಎಂಟು ತುಂಡು ಕತ್ತರಿಸಿದರೆ ಉದ್ದದ ಎರಡು ಗೋಡೆಗೆ ನಾಲ್ಕು, ಗಿಡ್ಡ ಗೋಡೆಗಳಿಗೆ ಎರಡು, ಮಾಡಿಗೆ ಒಂದು, ನೆಲಕ್ಕೆ ಒಂದು. ಒಟ್ಟು 48 ಅಡಿ, ಚೂರೂ ಹಾಳಾಗದು. ಚೌಕಟ್ಟನ್ನೂ ಹಾಗೇ ಮೂರಕ್ಕೆ ಆರಡಿಯ ಬಿಡಿ ಬಿಡಿ ಪ್ಯಾನೆಲ್ ಮಾಡಿಸಿ ಬೋಲ್ಟ್ ಹಾಕಿ ಜೋಡಿಸಬೇಕು. ಕೆಳಗೆ ಗೇಟಿನ ಹತ್ತಿರ ಇಡೀ ಗೂಡನ್ನು ಬೆಸುಗೆ ಹಾಕಿಸಿ, ಆಮೇಲೆ ಅದು ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡು, ನಾಲ್ಕು ಜನ ಬೆವರು ಸುರಿಸುವ ದೃಶ್ಯ 30–40 ಸೈಟಿನ ಮನೆಗಳಲ್ಲಿ ಹೊಸದಲ್ಲ. ಬಾಡಿಗೆ ಮನೆಯವರಿಗಂತೂ ಬಿಚ್ಚಿ ಒಯ್ಯುವಂತಿರಲೇಬೇಕು.

ಈಗ ಜಾಲರಿ. ಎಸ್.ಜೆ.ಪಿ. ರಸ್ತೆಗೇ ಹೋಗಿ, ಬಡಾವಣೆಯ ಹಾರ್ಡ್‌ವೇರ್ ಅಂಗಡಿಗೇ ಹೋಗಿ, ‘ಹಕ್ಕಿಗೂಡಿಗೆ ಮೆಶ್ ಕೊಡಿ’ ಎಂದರೆ ಮೊದಲು ಹೊರಬರುವುದು ಷಟ್ಕೋನದ ಕಣ್ಣುಗಳ ಚಿಕನ್ ಮೆಶ್. ಗಾರೆಯವರು ಪಿಲ್ಲರ್ ಮತ್ತು ಇಟ್ಟಿಗೆ ಸೇರುವಲ್ಲಿ ಬಿರುಕು ಬಿಡದಿರಲೆಂದು ಹೊಡೆಯುವುದೂ ಇದನ್ನೇ. ಅಗ್ಗ, ಹಗುರ, ಕೈಯಲ್ಲೇ ಬಗ್ಗುತ್ತದೆ. ಆ ಬಗ್ಗುವ ಗುಣವೇ ಅದರ ದೋಷ. ತಂತಿಗಳು ಹೆಣೆದುಕೊಂಡಿರುತ್ತವೆಯೇ ಹೊರತು ಬೆಸೆದಿರುವುದಿಲ್ಲ. ಒಂದು ಕಡೆ ಹೆಗ್ಗಣ ಕಡಿದರೆ ಅಕ್ಕಪಕ್ಕದ ಕಣ್ಣುಗಳು ತಾವಾಗೇ ಬಾಯಿಬಿಡುತ್ತವೆ. ಕೇಳಬೇಕಾದದ್ದು ಜಿ.ಐ. ವೆಲ್ಡ್ ಮೆಶ್: ಅಡ್ಡ ಮತ್ತು ಉದ್ದ ತಂತಿಗಳು ಸೇರುವ ಪ್ರತಿಯೊಂದು ಬಿಂದುವೂ ಬೆಸುಗೆಯಾಗಿರುವಂಥದ್ದು. ಕಣ್ಣಿನ ಅಳತೆ ಅರ್ಧ ಇಂಚಿಗೆ ಅರ್ಧ ಇಂಚು. ಒಂದಿಂಚಿನ ಕಣ್ಣು ನೋಡಲು ಚೆಂದ, ಹಣವೂ ಉಳಿಯುತ್ತದೆ. ಆದರೆ ಅದರಲ್ಲಿ ಬಡ್ಜಿ ತಲೆ ತೂರಿಸಿ ಸಿಕ್ಕಿಬೀಳಬಹುದು, ಹೊರಗಿನಿಂದ ಇಲಿ ಸಲೀಸಾಗಿ ಒಳಗೆ ಬರಬಹುದು.

ತಂತಿಯ ದಪ್ಪವನ್ನು ಗೇಜ್‌ನಲ್ಲಿ ಹೇಳುತ್ತಾರೆ. ಸಂಖ್ಯೆ ಏರಿದಂತೆ ತಂತಿ ಸಣ್ಣಗಾಗುತ್ತದೆ. 16 ಗೇಜ್ ಅಂದರೆ ಸುಮಾರು 1.6 ಮಿಲಿಮೀಟರ್, 18 ಅಂದರೆ 1.2, 20 ಅಂದರೆ 0.9. ಫಿಂಚ್‌ಗಳಿಗೆ 20 ಸಾಕೆಂದು ಅಂಗಡಿಯವರು ಹೇಳಿದರೆ ಫಿಂಚ್‌ನ ಮಟ್ಟಿಗೆ ಅದು ನಿಜ, ಹೆಗ್ಗಣದ ಮಟ್ಟಿಗೆ ಅಲ್ಲ. ತಾರಸಿಗೆ 18 ಒಪ್ಪಬಹುದು. ನೆಲಮಟ್ಟದಲ್ಲಿ ಕಟ್ಟುವವರು 16ಕ್ಕಿಂತ ಸಣ್ಣ ತಂತಿಗೆ ಇಳಿಯದಿರುವುದು ಒಳ್ಳೆಯದು. ಅರ್ಧ ಇಂಚಿನ ಕಣ್ಣಿನಲ್ಲೂ ಸುಂಡಿಲಿ ತೂರುತ್ತದೆ, ಅದಕ್ಕೆ ಪೆನ್ಸಿಲ್ ಗಾತ್ರದ ಸಂದು ಸಿಕ್ಕರೂ ಸಾಕು. ಹಾವಿನ ಮರಿಗೂ ಅಷ್ಟೇ. ಹಾಗಾಗಿ ಕೆಳಗಿನ ಎರಡಡಿ ಎತ್ತರಕ್ಕೆ ಸುತ್ತಲೂ ಕಾಲು ಇಂಚಿನ ಇನ್ನೊಂದು ಪದರ ಹಾಕಿಸಿದರೆ ರಾತ್ರಿ ನಿದ್ದೆ ಬರುತ್ತದೆ. ಹೊರಗೋಡೆಗೆ ಎರಡು ಮೂರು ಇಂಚು ಅಂತರ ಬಿಟ್ಟು ಎರಡನೇ ಜಾಲರಿ ಹಾಕುವವರೂ ಇದ್ದಾರೆ. ಅತಿಯಾಯಿತೇನೋ ಅನ್ನಿಸಬಹುದು. ಆದರೆ ಬಡ್ಜಿಗಳು ನಿಲ್ಲುವುದು ಬರೀ ಕೊಂಬೆಯ ಮೇಲಲ್ಲ, ಜಾಲರಿಗೂ ಜೋತುಬೀಳುತ್ತವೆ. ಹೊರಗಿರುವ ಬೆಕ್ಕಿಗೆ, ಕಾಗೆಗೆ ಆಗ ಸಿಗುವುದು ಅವುಗಳ ಬೆರಳು. ಗೂಡು ಎಲ್ಲೂ ಮುರಿಯದೆ, ಹಕ್ಕಿ ಒಳಗೇ ಇದ್ದು, ಕಾಲು ಕಳೆದುಕೊಳ್ಳುವುದು ಹೀಗೆ.

ಹೊಳೆಯುವ ಹೊಸ ಜಾಲರಿಯಲ್ಲಿ ಇನ್ನೊಂದು ಅಪಾಯ ಅಡಗಿದೆ. ತುಕ್ಕು ಹಿಡಿಯದಿರಲಿ ಎಂದು ತಂತಿಗೆ ಸತುವಿನ ಲೇಪ ಕೊಟ್ಟಿರುತ್ತಾರೆ. ಲೇಪ ಕೊಡುವಾಗ ಅಲ್ಲಲ್ಲಿ ಸತುವು ಬೊಟ್ಟು ಬೊಟ್ಟಾಗಿ ಗಟ್ಟಿಯಾಗಿ ಉಳಿಯುತ್ತದೆ. ಬೆರಳು ಸವರಿದರೆ ತರಿತರಿ ಸಿಗುತ್ತದೆ. ಗಿಳಿಯ ಕುಲಕ್ಕೆ ಕೊಕ್ಕೇ ಕೈ. ಸಿಕ್ಕಿದ್ದನ್ನೆಲ್ಲ ಕಚ್ಚಿ ನೋಡುವ ಬಡ್ಜಿ ಆ ಬೊಟ್ಟನ್ನು ಕಿತ್ತು ನುಂಗುತ್ತದೆ. ಹೊಟ್ಟೆಗೆ ಸೇರಿದ ಸತುವು ವಿಷ. ಮಂಕಾಗುವುದು, ಬಾರಿ ಬಾರಿ ನೀರು ಕುಡಿಯುವುದು, ವಾಂತಿ, ಹಸಿರು ಹಿಕ್ಕೆ, ಆಮೇಲೆ ಸಾವು. ಹೊಸ ಗೂಡಿಗೆ ಬಿಟ್ಟ ಕೆಲವೇ ದಿನಗಳಲ್ಲಿ ಹಕ್ಕಿಗಳು ಒಂದೊಂದಾಗಿ ಸತ್ತರೆ ಜನ ದೃಷ್ಟಿ ತಾಗಿತು ಅನ್ನುತ್ತಾರೆ, ಇಲ್ಲವೇ ಮಾರಿದವನನ್ನು ಬಯ್ಯುತ್ತಾರೆ. ಜಾಲರಿಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಪರಿಹಾರ ಸುಲಭ. ಜಾಲರಿಯನ್ನು ನೆಲದ ಮೇಲೆ ಹಾಸಿ, ವಿನೆಗರ್ ಬೆರೆಸಿದ ನೀರು ಸುರಿದು, ಗಟ್ಟಿ ಬ್ರಷ್‌ನಿಂದ ಎರಡೂ ಬದಿ ತಿಕ್ಕಿ ತೊಳೆದು, ಕೆಲವು ವಾರ ಬಿಸಿಲು ಮಳೆಗೆ ಬಿಡಬೇಕು. ಹೊಳಪು ಹೋಗಿ ಮಂಕು ಬೂದು ಬಣ್ಣ ಬಂದಮೇಲೆ ಚೌಕಟ್ಟಿಗೆ ಏರಿಸಬೇಕು. ಅಷ್ಟು ದಿನ ತಾಳ್ಮೆಯಿಲ್ಲದವರು ಹಕ್ಕಿ ಸಾಕದಿದ್ದರೂ ನಡೆದೀತು.

ಚೌಕಟ್ಟಿಗೆ ಒಂದಿಂಚಿನ ಚೌಕ ಪೈಪು ಧಾರಾಳವಾಯಿತು. ವೆಲ್ಡಿಂಗ್‌ನವರಿಗೆ ಒಂದು ಮಾತು ಮೊದಲೇ ಹೇಳಬೇಕು: ಪೈಪನ್ನು ಬೆಸೆಯಿರಿ, ಜಾಲರಿಯನ್ನಲ್ಲ. ಸತುವಿನ ಲೇಪವಿರುವ ತಂತಿಗೆ ಬೆಸುಗೆ ಹಾಕಿದರೆ ಲೇಪ ಸುಟ್ಟು ಬಿಳಿ ಹೊಗೆ ಏಳುತ್ತದೆ. ಅದನ್ನು ಉಸಿರಾಡಿದವರಿಗೆ ರಾತ್ರಿ ಚಳಿಜ್ವರ ಬರುವುದುಂಟು. ಲೇಪ ಹೋದ ಜಾಗದಲ್ಲಿ ಮೊದಲ ಮಳೆಗೇ ತುಕ್ಕು. ಜಾಲರಿಯನ್ನು ಪಟ್ಟಿಯಿಟ್ಟು ಸ್ಕ್ರೂ ಹಾಕಿ ಬಿಗಿಯಬೇಕು, ಇಲ್ಲವೆ ದಪ್ಪ ಬೈಂಡಿಂಗ್ ವೈರಿನಿಂದ ಕಟ್ಟಿ, ತುದಿಗಳನ್ನು ಹೊರಮುಖವಾಗಿ ಮಡಿಚಬೇಕು. ಬಣ್ಣದ ವಿಷಯಕ್ಕೆ ಬಂದರೆ, ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಕಬ್ಬಿಣಕ್ಕೆ ಬಳಿಯುವ ಪ್ರೈಮರ್ ಡಬ್ಬದ ಮೇಲೂ ‘ಸೀಸರಹಿತ’ ಎಂದಿದೆಯೇ ಎಂದು ಓದಿ ಕೊಳ್ಳುವುದು ಕ್ಷೇಮ. ಜಾಲರಿಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದರೆ ತಂತಿಯ ಮಿನುಗು ಅಡಗಿ ಒಳಗಿನ ಹಕ್ಕಿ ಸ್ಪಷ್ಟವಾಗಿ ಕಾಣುತ್ತದೆ. ಬಿಳಿ ಬಳಿದರೆ ಜಾಲರಿಯೇ ಕಾಣುತ್ತದೆ.

ಎಲ್ಲಿ ಇಡುವುದು? ಮನೆ ಮತ್ತು ಕಾಂಪೌಂಡ್ ನಡುವಿನ ಮೂರಡಿ ಓಣಿಯನ್ನು ತೋರಿಸುವವರೇ ಹೆಚ್ಚು. ಅಲ್ಲಿ ಬಿಸಿಲಿಲ್ಲ, ಗಾಳಿಯಿಲ್ಲ, ಪಕ್ಕದಲ್ಲೇ ಚರಂಡಿಯ ಚೇಂಬರ್. ತಾರಸಿಯೇ ವಾಸಿ. ಅಲ್ಲೂ ಜಾಗ ಆರಿಸಬೇಕು. ಬೆಂಗಳೂರಿಗೆ ಮುಂಗಾರಿನ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ಸಂಜೆಯ ಸುಡುಬಿಸಿಲೂ ಅದೇ ಕಡೆಯಿಂದ. ಮೆಟ್ಟಿಲು ಬಂದು ಮುಗಿಯುವ ಕೋಣೆಯ ಪೂರ್ವ ಗೋಡೆಗೆ ಒರಗಿಸಿ ನಿಲ್ಲಿಸಿದರೆ ಬೆನ್ನಿಗೆ ಗೋಡೆ, ಮುಖಕ್ಕೆ ಬೆಳಗಿನ ಬಿಸಿಲು. ಎಳೆ ಬಿಸಿಲು ಬೇಕೇ ಬೇಕು. ವಿಟಮಿನ್ ಡಿ ಇಲ್ಲದೆ ಹಕ್ಕಿಗಳ ಎಲುಬು ಗಟ್ಟಿಯಾಗದು, ಮೊಟ್ಟೆಯ ಸಿಪ್ಪೆ ಬಲಿಯದು. ಅಕ್ಟೋಬರ್, ನವೆಂಬರಿನ ಹಿಂಗಾರು ಪೂರ್ವದ ಕಡೆಯಿಂದಲೇ ಎರಚುತ್ತದೆ. ಅದಕ್ಕೆ ಮುಂಭಾಗದಲ್ಲಿ ಸುತ್ತಿಟ್ಟು ಬೇಕಾದಾಗ ಇಳಿಬಿಡುವ ಟಾರ್ಪಾಲು ಸಾಕು.

ಮಾಡನ್ನು ಪೂರ್ತಿ ಮುಚ್ಚಬಾರದು, ಪೂರ್ತಿ ಬಿಡಲೂ ಬಾರದು. ಬಿಳೇಕಹಳ್ಳಿಯಲ್ಲೇ ಇದಕ್ಕೊಂದು ದೊಡ್ಡ ಮಾದರಿಯಿದೆ. ಬಿ.ವಿ. ದೋಶಿ ರೂಪಿಸಿದ ಐಐಎಂನ ಮೊಗಸಾಲೆಗಳಲ್ಲಿ ಕಲ್ಲಿನ ಗೋಡೆಗಳ ನಡುವೆ ನಡೆಯುವಾಗ ನೆತ್ತಿಯ ಮೇಲೆ ಒಂದಿಷ್ಟು ದೂರ ಮಾಡು, ಒಂದಿಷ್ಟು ದೂರ ಬರೀ ತೊಲೆಗಳ ಹಂದರ, ಅದರಾಚೆ ಆಕಾಶ. ಬಿಸಿಲು ಬೇಕಾದವರು ಬಿಸಿಲಿಗೆ, ನೆರಳು ಬೇಕಾದವರು ನೆರಳಿಗೆ. ಹಕ್ಕಿಮನೆಗೂ ಅಷ್ಟೇ: ಗೋಡೆಯ ಕಡೆಯ ಅರ್ಧಕ್ಕೆ ಶೀಟು, ಉಳಿದರ್ಧಕ್ಕೆ ಬರೀ ಜಾಲರಿ. ಶೀಟಿನ ಕೆಳಗೂ ಜಾಲರಿ ಇರಲೇಬೇಕು, ಗಾಳಿಗೆ ಶೀಟು ಹಾರಿದರೂ ಹಕ್ಕಿ ಉಳಿಯುತ್ತದೆ. ಬರೀ ತಗಡಾದರೆ ಏಪ್ರಿಲ್‌ನಲ್ಲಿ ಕೆಳಗಿರುವುದೆಲ್ಲ ಬೇಯುತ್ತದೆ. 2016ರ ಏಪ್ರಿಲ್ 24ರಂದು ಬೆಂಗಳೂರಿನ ಉಷ್ಣಾಂಶ 39.2 ಡಿಗ್ರಿ ಮುಟ್ಟಿತ್ತು. ಅಂಥ ಮಧ್ಯಾಹ್ನ ತಾರಸಿಯ ಕಾಂಕ್ರೀಟು ಬರಿಗಾಲಿನವರನ್ನು ಕುಣಿಸುತ್ತದೆ. ತಗಡಿನ ಮೇಲೆ ತೆಂಗಿನ ಗರಿ ಹಾಸುವ ಹಳೆಯ ಉಪಾಯ ಇವತ್ತಿಗೂ ಕೆಟ್ಟಿಲ್ಲ. ಕೊಂಬೆ, ಕಾಳು, ನೀರು ಎಲ್ಲವೂ ಮುಚ್ಚಿದ ಭಾಗದಲ್ಲೇ ಇರಲಿ. ಮೇಲೆ ಪಾರಿವಾಳ ಕೂತು ಹಿಕ್ಕೆ ಹಾಕಿದರೆ ಅದು ತಟ್ಟೆಗೆ ಬೀಳಬಾರದು, ರೋಗ ಬರುವುದೇ ಹಾಗೆ. ಹಕ್ಕಿಜ್ವರ ಈ ಊರಿಗೆ ಅಪರಿಚಿತವೇನಲ್ಲ. 2012ರಲ್ಲಿ ಹೆಸರಘಟ್ಟದ ಕೇಂದ್ರ ಕೋಳಿ ಸಾಕಣೆ ಸಂಸ್ಥೆಯಲ್ಲಿ, 2018ರ ಆರಂಭದಲ್ಲಿ ದಾಸರಹಳ್ಳಿಯಲ್ಲಿ ಕಾಣಿಸಿಕೊಂಡಿತ್ತು. ಒಣಗಿದ ಹಿಕ್ಕೆಯ ಧೂಳಿನಿಂದ ಮನುಷ್ಯರ ಶ್ವಾಸಕೋಶಕ್ಕೆ ಹತ್ತುವ ಸಿಟಕೋಸಿಸ್ ಎಂಬ ಕಾಯಿಲೆಯೂ ಇದೆ. ಗುಡಿಸುವ ಮೊದಲು ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಳ್ಳಿ.

ಮೇ ತಿಂಗಳ ಆಲಿಕಲ್ಲು ಮಳೆಯ ಗಾಳಿಗೆ ಹಗುರ ಗೂಡು ಮಗುಚಿಬೀಳುತ್ತದೆ. ಹಾಗೆಂದು ತಾರಸಿಯ ನೆಲಕ್ಕೆ ಡ್ರಿಲ್ ಹಾಕಿದರೆ ವಾಟರ್‌ಪ್ರೂಫಿಂಗ್ ಹೋಗಿ ಕೆಳಗಿನ ಮಲಗುವ ಕೋಣೆ ಸೋರುತ್ತದೆ, ಆಮೇಲೆ ಮನೆಯ ಯಜಮಾನರಿಗೆ ಉತ್ತರ ಕೊಡಬೇಕು. ಬೋಲ್ಟುಗಳನ್ನು ಗೋಡೆಗೆ ಹಾಕಿ. ಬುಡದ ಪೈಪಿನ ಮೇಲೆ ಕಲ್ಲು ಚಪ್ಪಡಿ ಹೇರಿ. ನೆಲದಲ್ಲಿ ಕಟ್ಟುವವರು ಹೆಗ್ಗಣದ ಸುರಂಗಕ್ಕೆ ತಯಾರಾಗಬೇಕು. ಜಾಲರಿಯನ್ನು ಮಣ್ಣಿನಲ್ಲಿ ಒಂದಡಿ ಇಳಿಸಿ, ಅಲ್ಲಿಂದ ಹೊರಮುಖವಾಗಿ ಇನ್ನೊಂದಡಿ ಮಡಿಚಿ ಮುಚ್ಚಬೇಕು. ಹೆಗ್ಗಣ ಗೋಡೆಯ ಬುಡದಲ್ಲೇ ಅಗೆಯುತ್ತದೆ. ಜಾಲರಿ ಸಿಕ್ಕಿದರೆ ಒಂದಡಿ ಹಿಂದೆ ಸರಿದು ಅಗೆಯೋಣ ಎಂಬ ಯೋಚನೆ ಅದಕ್ಕೆ ಹೊಳೆಯುವುದಿಲ್ಲ. ಅದರ ಬುದ್ಧಿಯ ಬಗ್ಗೆ ನಮ್ಮೂರಲ್ಲಿ ಏನೇನೋ ಕಥೆಗಳಿವೆ, ಈ ಒಂದು ವಿಷಯದಲ್ಲಿ ಮಾತ್ರ ಅದು ದಡ್ಡ.

ಇಷ್ಟೆಲ್ಲ ಮಾಡಿದರೂ ಹಕ್ಕಿಗಳು ಹೋಗುವುದು ಬಾಗಿಲಲ್ಲೇ. ಕಾಳಿನ ತಟ್ಟೆ ಹಿಡಿದು ಬಾಗಿಲು ತೆರೆದಾಗ ಭುಜದ ಪಕ್ಕದಿಂದ ಸುಂಯ್ ಎಂದರೆ ಮುಗಿಯಿತು. ದೊಡ್ಡ ಹಕ್ಕಿಮನೆಗಳಲ್ಲಿ ಎರಡು ಬಾಗಿಲಿರುತ್ತವೆ, ಒಂದು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆರೆಯುವುದು. ಮನೆಯ ಗೂಡಿಗೂ ಒಂದು ಗಿಡ್ಡ ಬದಿಯಲ್ಲಿ ಮೂರಕ್ಕೆ ಮೂರಡಿಯ ಪುಟ್ಟ ಪಡಸಾಲೆ ಕಟ್ಟಿದರೆ ಅದರ ಮೂರು ಗೋಡೆಗೆ, ಮಾಡಿಗೆ ಹೆಚ್ಚುವರಿ ಬೇಕಾಗುವುದು 21 ಅಡಿ ಜಾಲರಿ. ಜಾಗವಿಲ್ಲದವರು ಬಾಗಿಲನ್ನು ನಾಲ್ಕಡಿಗಿಂತ ಎತ್ತರ ಮಾಡಬಾರದು. ಬೆದರಿದ ಹಕ್ಕಿ ಮೇಲಕ್ಕೇ ಹಾರುತ್ತದೆ; ಬಾಗಿಲು ಕೆಳಗಿದ್ದರೆ ಅದಕ್ಕೆ ದಾರಿ ಸಿಗುವುದಿಲ್ಲ, ನೀವು ಬಗ್ಗಿ ಒಳಹೋಗಬೇಕು ಅಷ್ಟೆ.

ಒಳಗಿನ ಸಾಮಾನು ಜಾಸ್ತಿಯಿಲ್ಲ. ಅಂಗಡಿಯ ನುಣುಪಾದ ಪ್ಲಾಸ್ಟಿಕ್ ಕಡ್ಡಿಗಿಂತ ಸೀಬೆ ಕೊಂಬೆ ಉತ್ತಮ. ದಪ್ಪ ಒಂದೇ ಸಮ ಇರದ್ದರಿಂದ ಪಾದಗಳಿಗೆ ವ್ಯಾಯಾಮ, ತೊಗಟೆ ಸುಲಿಯುವ ಆಟವೂ ಆಯಿತು. ಎರಡು ತುದಿಗಳಲ್ಲಿ ಒಂದೊಂದು ಕಟ್ಟಿ ನಡುವೆ ಹಾರಲು ಖಾಲಿ ಬಿಡಬೇಕು. ಆಟಿಕೆಗಳಿಂದ ತುಂಬಿದ ಗೂಡು ಮಕ್ಕಳಿಗೆ ಇಷ್ಟ, ಹಕ್ಕಿಗಲ್ಲ. ಕಾಳಿಗೆ ನವಣೆ, ಸಾಮೆ, ಸ್ವಲ್ಪ ಸಜ್ಜೆ. ಬಣ್ಣದ ಪೊಟ್ಟಣದಲ್ಲಿ ‘ಸ್ಪ್ರೇ ಮಿಲೆಟ್’ ಎಂದು ಬರುವುದು ನಮ್ಮ ನವಣೆಯ ತೆನೆಯೇ. ಜೊತೆಗೆ ನುಗ್ಗೆಸೊಪ್ಪು, ಕೊತ್ತಂಬರಿ. ಬೆಣ್ಣೆಹಣ್ಣು ಮಾತ್ರ ಕೊಡಕೂಡದು, ಅದು ಇವಕ್ಕೆ ವಿಷ. ಹೊಸದಾಗಿ ತಂದ ಹಕ್ಕಿಯನ್ನು ಒಂದು ತಿಂಗಳು ಬೇರೆ ಪಂಜರದಲ್ಲಿಟ್ಟು ನೋಡಿದ ಮೇಲೆಯೇ ಗುಂಪಿಗೆ ಬಿಡಬೇಕು. ಕಾಯಿಲೆ ಬಿದ್ದರೆ ಬೀದಿಕೊನೆಯ ಔಷಧಿ ಅಂಗಡಿಯ ಹನಿಗಳಿಗಿಂತ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ದಾರಿ, ಟ್ರಾಫಿಕ್ಕಿನ ಸಮೇತ, ಮೇಲು.

ಇನ್ನುಳಿದದ್ದು ಮಡಕೆ. ಪಕ್ಕದಲ್ಲಿ ತೂತು ಕೊರೆದ, ಅಂಗೈಗಿಂತ ಸ್ವಲ್ಪ ದೊಡ್ಡದಾದ ಮಣ್ಣಿನ ಕುಡಿಕೆಗಳನ್ನು ಹಕ್ಕಿ ಮಾರುವವರು ಜೊತೆಗೇ ಕೊಡುತ್ತಾರೆ. ಗೂಡಿನ ಎತ್ತರದಲ್ಲಿ ನಾಲ್ಕು ಮಡಕೆ ತೂಗುಹಾಕಿದರೆ ಚೆಂದ ಕಾಣುತ್ತದೆ, ಬಡ್ಜಿಗಳಿಗೂ ಮೊಟ್ಟೆಯಿಡಲು ಅದೇ ನೆಪ. ಒಂದು ಸಲಕ್ಕೆ ನಾಲ್ಕರಿಂದ ಆರು ಮೊಟ್ಟೆ, ಸುಮಾರು 18 ದಿನಕ್ಕೆ ಮರಿ, ಅದಾಗಿ ಒಂದು ತಿಂಗಳು ಕಳೆಯುವ ಹೊತ್ತಿಗೆ ಹೊರಗೆ. ಮರಿಗಳು ಹಾರುವ ಹೊತ್ತಿಗೆ ತಾಯಿ ಮತ್ತೆ ಮೊಟ್ಟೆಯಿಟ್ಟಿರುತ್ತದೆ. ಬಿಟ್ಟರೆ ಮೊಟ್ಟೆಯಿಟ್ಟೇ ಸೊರಗುತ್ತದೆ. ಆರು ಹಕ್ಕಿಗೆಂದು ಕಟ್ಟಿದ ಮನೆಯಲ್ಲಿ ವರ್ಷದೊಳಗೆ ಮೂವತ್ತು ತುಂಬಿ, ಕೊಂಬೆಗಾಗಿ ಜಗಳ, ಗರಿ ಕೀಳುವುದು, ನೆಲದಲ್ಲಿ ಗಾಯಗೊಂಡ ಮರಿಗಳು. ಆಗ ಮಾರಲು ಹೋದರೆ ಕೊಂಡ ಬೆಲೆಯ ಕಾಲುಭಾಗವೂ ಹುಟ್ಟುವುದಿಲ್ಲ. ಬಂಧುಗಳು ಫೋನ್ ಎತ್ತುವುದನ್ನೇ ನಿಲ್ಲಿಸುತ್ತಾರೆ. ಬಡ್ಜಿಗಳಿಗೆ ಮಲಗಲು ಮಡಕೆ ಬೇಡ, ಕೊಂಬೆಯ ಮೇಲೆಯೇ ನಿದ್ದೆ ಮಾಡುತ್ತವೆ. ಮರಿ ಬೇಡದವರು ಕುಡಿಕೆಗಳನ್ನು ಅಂಗಡಿಯಲ್ಲೇ ಬಿಟ್ಟು ಬರಬಹುದು.